ಹೈಪೋಕ್ಲೋರಸ್ ಆಮ್ಲದ ಸೋಂಕುನಿವಾರಕಗಳು: ಶುದ್ಧತೆಯನ್ನೂ ಪರಿಣಾಮವನ್ನೂ ಅಳೆಯುವ ಬಗೆ

ಮಂಗಳೂರಿನ ಬಂದರು ಧಕ್ಕೆಯಿಂದ ಮಲ್ಪೆಯವರೆಗಿನ ಕರಾವಳಿಯಲ್ಲಿ ಮೀನು, ಸಿಗಡಿ, ಬೊಂಡಾಸಗಳನ್ನು ರಫ್ತಿಗಾಗಿ ಸಂಸ್ಕರಿಸುವ ಯಾವ ಘಟಕಕ್ಕೆ ಹೋದರೂ ಒಳಬಾಗಿಲಲ್ಲಿ ಮೊದಲು ಎದುರಾಗುವುದು ಕಾಲು ಅದ್ದುವ ಕ್ಲೋರಿನ್ ನೀರಿನ ತೊಟ್ಟಿ. ಅನಂತರ ಕೈ ಅದ್ದುವ ಬೋಗುಣಿ. ಸಾಮಾನ್ಯ ಪದ್ಧತಿಯಂತೆ ಕಾಲಿನ ತೊಟ್ಟಿಯಲ್ಲಿ 200 ಪಿಪಿಎಂ, ಅಂದರೆ ಲೀಟರಿಗೆ 200 ಮಿಲಿಗ್ರಾಂ, ಕೈ ಬೋಗುಣಿಯಲ್ಲಿ 20 ಪಿಪಿಎಂ ಕ್ಲೋರಿನ್ ಇರಬೇಕು. ದಾಖಲೆ ಪುಸ್ತಕದಲ್ಲಿ ಈ ಅಂಕಿಗಳು ದಿನವೂ ತಪ್ಪದೆ ಬರೆಯಲ್ಪಡುತ್ತವೆ. ಆದರೆ ತೊಟ್ಟಿಯ ನೀರಿನಲ್ಲಿ ಅವು ನಿಜವಾಗಿಯೂ ಇವೆಯೇ, ಇದ್ದರೆ ಅವು ಕೆಲಸ ಮಾಡುತ್ತಿವೆಯೇ ಎಂಬುದು ಬೇರೆಯೇ ಪ್ರಶ್ನೆ.

ಈ ಪ್ರಶ್ನೆ ಬರಿಯ ಪ್ರಯೋಗಾಲಯದ್ದಲ್ಲ. 1997ರ ಆಗಸ್ಟ್‌ನಲ್ಲಿ ಐರೋಪ್ಯ ಒಕ್ಕೂಟವು ಭಾರತದ ಮೀನು ಉತ್ಪನ್ನಗಳ ಆಮದನ್ನು ತಡೆಹಿಡಿದಾಗ, ನೈರ್ಮಲ್ಯದ ಲೋಪಕ್ಕೆ ಎಂತಹ ಬೆಲೆ ತೆರಬೇಕಾಗುತ್ತದೆಂಬುದು ನಮ್ಮ ರಫ್ತುದಾರರಿಗೆ ಚೆನ್ನಾಗಿ ಮನವರಿಕೆಯಾಯಿತು. 2020ರ ಕೋವಿಡ್ ಪಿಡುಗಿನ ಬಳಿಕ ಇದಕ್ಕೆ ಮತ್ತೊಂದು ಮುಖ ಸೇರಿದೆ. ಬ್ಲೀಚಿಂಗ್ ಪೌಡರ್ ಮತ್ತು ಸೋಡಿಯಂ ಹೈಪೋಕ್ಲೋರೈಟ್‌ಗಳ ಜೊತೆಗೆ 'ಹೈಪೋಕ್ಲೋರಸ್ ಆಮ್ಲ' ಎಂಬ ಹೆಸರಿನ ಸಿದ್ಧ ದ್ರಾವಣಗಳೂ, ಅದನ್ನು ತಯಾರಿಸುವ ವಿದ್ಯುತ್ ಯಂತ್ರಗಳೂ ಮಾರುಕಟ್ಟೆಗೆ ಬಂದಿವೆ. ಕೊಳ್ಳುವವನು ಯಾವುದನ್ನು ನೋಡಿ ಕೊಳ್ಳಬೇಕೆಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಒಂದೇ ಕ್ಲೋರಿನ್, ಎರಡು ರೂಪ

ಹೈಪೋಕ್ಲೋರಸ್ ಆಮ್ಲ ಹೊಸ ವಸ್ತುವಲ್ಲ. ಫ್ರೆಂಚ್ ರಸಾಯನ ವಿಜ್ಞಾನಿ ಬಲಾರ್ 1834ರಲ್ಲಿಯೇ ಇದನ್ನು ಕಂಡುಹಿಡಿದನು. ನಮ್ಮ ರಕ್ತದ ಬಿಳಿಯ ಕಣಗಳು ರೋಗಾಣುಗಳನ್ನು ಕೊಲ್ಲಲು ತಯಾರಿಸಿಕೊಳ್ಳುವುದೂ ಇದನ್ನೇ. ಬ್ಲೀಚಿಂಗ್ ಪೌಡರನ್ನಾಗಲಿ ಹೈಪೋಕ್ಲೋರೈಟನ್ನಾಗಲಿ ನೀರಿಗೆ ಬೆರೆಸಿದಾಗ ಕ್ಲೋರಿನ್ ಎರಡು ರೂಪಗಳಲ್ಲಿ ನಿಲ್ಲುತ್ತದೆ. ಒಂದು ಹೈಪೋಕ್ಲೋರಸ್ ಆಮ್ಲ, ಇನ್ನೊಂದು ಹೈಪೋಕ್ಲೋರೈಟ್ ಅಯಾನು. ಮೊದಲನೆಯದಕ್ಕೆ ವಿದ್ಯುದಾವೇಶವಿಲ್ಲದ ಕಾರಣ ಅದು ಸೂಕ್ಷ್ಮಾಣುವಿನ ಹೊದಿಕೆಯನ್ನು ಸುಲಭವಾಗಿ ದಾಟುತ್ತದೆ; ಋಣ ಆವೇಶವುಳ್ಳ ಎರಡನೆಯದಕ್ಕೆ ಅದು ಸುಲಭವಲ್ಲ. ಹೀಗಾಗಿ ಕೊಲ್ಲುವ ವೇಗದಲ್ಲಿ ಮೊದಲನೆಯದು ಎರಡನೆಯದಕ್ಕಿಂತ ಹಲವು ಹತ್ತು ಪಟ್ಟು ಮುಂದಿದೆ.

ಯಾವ ರೂಪ ಎಷ್ಟಿರಬೇಕೆಂಬುದನ್ನು ನಿರ್ಧರಿಸುವುದು ನೀರಿನ ಪಿಎಚ್. ಪಿಎಚ್ 6 ಇದ್ದರೆ ಕ್ಲೋರಿನ್‌ನ ಸುಮಾರು ಶೇ. 97 ಭಾಗ ಹೈಪೋಕ್ಲೋರಸ್ ಆಮ್ಲವಾಗಿರುತ್ತದೆ. 7.5ರಲ್ಲಿ ಇದು ಅರ್ಧಕ್ಕೆ, 8.5ರಲ್ಲಿ ಶೇ. 9ಕ್ಕೆ, 9.5ರಲ್ಲಿ ಶೇ. 1ಕ್ಕೆ ಇಳಿಯುತ್ತದೆ. ಅಂದರೆ 200 ಪಿಪಿಎಂ ಎಂದು ಬರೆದ ಎರಡು ತೊಟ್ಟಿಗಳಲ್ಲಿ ಒಂದರಲ್ಲಿ 194 ಪಿಪಿಎಂ, ಇನ್ನೊಂದರಲ್ಲಿ ಕೇವಲ 2 ಪಿಪಿಎಂ ಹೈಪೋಕ್ಲೋರಸ್ ಆಮ್ಲ ಇರಬಹುದು. ಇದ್ದ ಆಮ್ಲ ಖರ್ಚಾದಂತೆ ಅಯಾನು ಮತ್ತೆ ಆಮ್ಲವಾಗಿ ಮಾರ್ಪಡುವುದರಿಂದ ಎರಡನೆಯ ತೊಟ್ಟಿ ನಿರುಪಯೋಗಿಯೇನೂ ಅಲ್ಲ. ಆದರೆ ಅದಕ್ಕೆ ಹೆಚ್ಚು ಸಮಯ ಬೇಕು. ಕೈಯನ್ನು ಕೆಲವೇ ಕ್ಷಣ ಅದ್ದಿ ತೆಗೆಯುವ ಬೋಗುಣಿಯಲ್ಲಿ ಆ ಸಮಯ ಸಿಗುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ ಈ ಅಂಶಕ್ಕೆ ವಿಶೇಷ ಮಹತ್ವವಿದೆ. ಮುರಕಲ್ಲಿನ ನೆಲದ ಬಾವಿ ನೀರು ಸಾಮಾನ್ಯವಾಗಿ ಮೃದುವಾಗಿದ್ದು ಕೊಂಚ ಆಮ್ಲೀಯವಾಗಿರುತ್ತದೆ. ಇಂತಹ ನೀರಿಗೆ ಪಿಎಚ್‌ನ ಏರಿಳಿತವನ್ನು ತಡೆಯುವ ಶಕ್ತಿ ಕಡಿಮೆ. ಕ್ಷಾರಯುಕ್ತವಾದ ಹೈಪೋಕ್ಲೋರೈಟನ್ನು ಹೆಚ್ಚು ಪ್ರಮಾಣದಲ್ಲಿ ಸುರಿದೊಡನೆ ಪಿಎಚ್ ಸರ್ರನೆ ಮೇಲೇರುತ್ತದೆ. ಆದುದರಿಂದ ಪಿಎಚ್ಚನ್ನು ಬಾವಿಯ ನೀರಿನಲ್ಲಲ್ಲ, ಕ್ಲೋರಿನ್ ಬೆರೆಸಿದ ಮೇಲೆ ತೊಟ್ಟಿಯ ನೀರಿನಲ್ಲಿಯೇ ಅಳೆಯಬೇಕು.

ಡಬ್ಬಿಯ ಮೇಲಿನ ಹೆಸರು, ಒಳಗಿನ ವಸ್ತು

ಸಿದ್ಧ ಹೈಪೋಕ್ಲೋರಸ್ ಆಮ್ಲವನ್ನು ಸಾಮಾನ್ಯವಾಗಿ ಉಪ್ಪು ನೀರಿನಲ್ಲಿ ವಿದ್ಯುತ್ ಹಾಯಿಸಿ ತಯಾರಿಸುತ್ತಾರೆ; ಹೈಪೋಕ್ಲೋರೈಟ್‌ಗೆ ನಿಯಂತ್ರಿತವಾಗಿ ಆಮ್ಲ ಸೇರಿಸಿ ತಯಾರಿಸುವುದೂ ಉಂಟು. ಜಪಾನ್ ದೇಶವು 2002ರಲ್ಲಿಯೇ ಇದನ್ನು ಆಹಾರ ಸಂಸ್ಕರಣೆಯಲ್ಲಿ ಬಳಸಲು ಅನುಮತಿ ನೀಡಿತು. ವಿಧಾನ ಯಾವುದೇ ಇರಲಿ, ಶುದ್ಧತೆಯ ವಿಚಾರದಲ್ಲಿ ಕೇಳಬೇಕಾದ ಪ್ರಶ್ನೆಗಳು ನಾಲ್ಕು.

ಮೊದಲನೆಯದು, ಒಳಗಿರುವುದು ಹೈಪೋಕ್ಲೋರಸ್ ಆಮ್ಲವೇ, ಅಥವಾ ನೀರು ಬೆರೆಸಿದ ಹೈಪೋಕ್ಲೋರೈಟೇ? ಪಿಎಚ್ ಮೀಟರ್ ಇದನ್ನು ಒಂದೇ ನಿಮಿಷದಲ್ಲಿ ತಿಳಿಸುತ್ತದೆ. ಪಿಎಚ್ 5ರಿಂದ 6.5ರ ಒಳಗಿದ್ದರೆ ಹೆಸರು ಸಾರ್ಥಕ. 9 ದಾಟಿದ್ದರೆ ಅದು ಹೈಪೋಕ್ಲೋರೈಟೇ. ಪಿಎಚ್ ಕಾಗದವನ್ನು ನಂಬಬಾರದು, ಏಕೆಂದರೆ ಕ್ಲೋರಿನ್ ಅದರ ಬಣ್ಣವನ್ನೇ ತೊಳೆದುಬಿಡುತ್ತದೆ. ಸಂಶಯ ಉಳಿದರೆ ಪ್ರಯೋಗಾಲಯದಲ್ಲಿ ನೇರಳಾತೀತ ಬೆಳಕಿನ ಪರೀಕ್ಷೆ ಮಾಡಿಸಬಹುದು. ಹೈಪೋಕ್ಲೋರಸ್ ಆಮ್ಲವು 235 ನ್ಯಾನೋಮೀಟರಿನ ಆಸುಪಾಸಿನಲ್ಲಿ, ಹೈಪೋಕ್ಲೋರೈಟ್ 292ರ ಆಸುಪಾಸಿನಲ್ಲಿ ಬೆಳಕನ್ನು ಹೀರುತ್ತದೆ.

ಎರಡನೆಯದು, ಕ್ಲೋರಿನ್ ಎಷ್ಟಿದೆ? ಇದಕ್ಕೆ ವಿಶ್ವಾಸಾರ್ಹವಾದುದು ಅಯೋಡಿನ್ ಟೈಟ್ರೇಷನ್. ಮಾದರಿಗೆ ಪೊಟ್ಯಾಸಿಯಂ ಅಯೋಡೈಡ್ ಮತ್ತು ಅಸಿಟಿಕ್ ಆಮ್ಲ ಸೇರಿಸಿ, ಬಿಡುಗಡೆಯಾದ ಅಯೋಡಿನ್ನನ್ನು ಥಯೋಸಲ್ಫೇಟ್‌ನಿಂದ ಅಳೆಯಲಾಗುತ್ತದೆ. ಗಂಜಿಯ ನೀಲಿ ಬಣ್ಣ ಮಾಯವಾದಾಗ ಅಳತೆ ಮುಗಿಯಿತು. 25 ಮಿಲಿಲೀಟರ್ ಮಾದರಿಗೆ 0.01 ನಾರ್ಮಲ್ ಥಯೋಸಲ್ಫೇಟ್ 14.1 ಮಿಲಿಲೀಟರ್ ಖರ್ಚಾದರೆ ದ್ರಾವಣ 200 ಪಿಪಿಎಂ ಎಂದರ್ಥ.

ಗುಲಾಬಿ ಬಣ್ಣ ಬರುವ ಡಿಪಿಡಿ ಪರೀಕ್ಷೆ ಕುಡಿಯುವ ನೀರಿನಂತಹ ತೆಳು ದ್ರಾವಣಗಳಿಗೆ ಉತ್ತಮ. ಆದರೆ ಕ್ಲೋರಿನ್ ಅತಿಯಾದಾಗ ಆ ಬಣ್ಣವೇ ಅಳಿಸಿಹೋಗಿ 'ಕ್ಲೋರಿನ್ ಇಲ್ಲ' ಎಂಬ ಭ್ರಮೆ ಉಂಟಾಗುತ್ತದೆ. ಗಾಢ ದ್ರಾವಣವನ್ನು ಮೊದಲು ಕ್ಲೋರಿನ್ ಇಲ್ಲದ ಶುದ್ಧ ನೀರಿನಿಂದ ನಿಶ್ಚಿತ ಪ್ರಮಾಣದಲ್ಲಿ ತೆಳುಗೊಳಿಸಿಯೇ ಈ ಪರೀಕ್ಷೆ ಮಾಡಬೇಕು.

ಮೂರನೆಯದು, ಕ್ಲೋರಿನ್ ಅಲ್ಲದೆ ಇನ್ನೇನಿದೆ? ಕೆಲವು ಯಂತ್ರಗಳ ದ್ರಾವಣದಲ್ಲಿ ಉಪ್ಪು ಹೆಚ್ಚಾಗಿ ಉಳಿಯುತ್ತದೆ. ಅದು ಉಕ್ಕಿನ ಮೇಜು ಮತ್ತು ಉಪಕರಣಗಳಿಗೆ ತುಕ್ಕು ತರುತ್ತದೆ. ಹಳೆಯದಾದ ದ್ರಾವಣಗಳಲ್ಲಿ ಕ್ಲೋರೇಟ್ ಎಂಬ ಅನಪೇಕ್ಷಿತ ವಸ್ತು ಸೇರಿಕೊಳ್ಳುತ್ತದೆ. ಕುಡಿಯುವ ನೀರಿನಲ್ಲಿ ಇದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಮಿತಿ ಲೀಟರಿಗೆ 0.7 ಮಿಲಿಗ್ರಾಂ.

ನಾಲ್ಕನೆಯದು, ತಯಾರಾದ ದಿನಾಂಕ ಯಾವುದು? ಹೈಪೋಕ್ಲೋರಸ್ ಆಮ್ಲ ಅಸ್ಥಿರ ವಸ್ತು. ಬೆಳಕು ಮತ್ತು ಸೆಕೆ ಎರಡೂ ಅದಕ್ಕೆ ಶತ್ರುಗಳು. ಕರಾವಳಿಯ ಏಪ್ರಿಲ್ ಸೆಕೆಯಲ್ಲಿ, ಬಿಸಿಲು ಬೀಳುವ ಅಂಗಡಿ ಮುಂಗಟ್ಟಿನಲ್ಲಿ, ಪಾರದರ್ಶಕ ಕ್ಯಾನಿನಲ್ಲಿ ಇಟ್ಟ ದ್ರಾವಣವು ಹೆಸರಿಗೆ ಮಾತ್ರ ಸೋಂಕುನಿವಾರಕ. ಹೈಪೋಕ್ಲೋರೈಟ್ ಹಾಗೂ ಬ್ಲೀಚಿಂಗ್ ಪೌಡರ್‌ಗಳೂ ಇದಕ್ಕೆ ಹೊರತಲ್ಲ. ತೇವಾಂಶ ತಗಲಿದ ಪೌಡರ್ ಮೂಟೆ ಮಳೆಗಾಲ ಕಳೆಯುವಷ್ಟರಲ್ಲಿ ಬಹಳಷ್ಟು ಸತ್ವವನ್ನು ಕಳೆದುಕೊಂಡಿರುತ್ತದೆ.

ಪರಿಣಾಮದ ಪರೀಕ್ಷೆ

ಶುದ್ಧವಾಗಿದೆ ಎಂದ ಮಾತ್ರಕ್ಕೆ ಪರಿಣಾಮಕಾರಿ ಎಂದಾಗುವುದಿಲ್ಲ. 'ಶೇ. 99.9 ರೋಗಾಣು ನಾಶ' ಎಂಬ ಜಾಹೀರಾತನ್ನು ಗಮನಿಸಿ. ಹತ್ತು ಲಕ್ಷ ಸೂಕ್ಷ್ಮಾಣುಗಳಿದ್ದಲ್ಲಿ ಇದರ ಬಳಿಕವೂ ಒಂದು ಸಾವಿರ ಉಳಿಯುತ್ತವೆ. ಆಹಾರೋದ್ಯಮದ ಸೋಂಕುನಿವಾರಕಗಳಿಗಾಗಿ ಇರುವ ಐರೋಪ್ಯ ಮಾನಕ ಇಎನ್ 1276 ಕೇಳುವುದು ಒಂದು ಲಕ್ಷ ಪಟ್ಟು ಇಳಿಕೆಯನ್ನು. ಅಂದರೆ ಹತ್ತು ಲಕ್ಷದಲ್ಲಿ ಉಳಿಯಬೇಕಾದುದು ಹತ್ತು ಮಾತ್ರ.

ಅದಕ್ಕಿಂತಲೂ ಮುಖ್ಯವಾದುದು, ಈ ಮಾನಕದಲ್ಲಿ 'ಸ್ವಚ್ಛ' ಮತ್ತು 'ಮಲಿನ' ಎಂಬ ಎರಡು ಪರಿಸ್ಥಿತಿಗಳಿವೆ. ಸ್ವಚ್ಛ ಪರಿಸ್ಥಿತಿಯಲ್ಲಿ ಲೀಟರಿಗೆ 0.3 ಗ್ರಾಂ, ಮಲಿನ ಪರಿಸ್ಥಿತಿಯಲ್ಲಿ 3 ಗ್ರಾಂ ಪ್ರೋಟೀನ್ ಬೆರೆಸಿ ಪರೀಕ್ಷಿಸುತ್ತಾರೆ. ಮೀನಿನ ರಕ್ತ, ಲೋಳೆ, ಸಿಗಡಿಯ ರಸ ಇವೆಲ್ಲ ಪ್ರೋಟೀನ್‌ಗಳೇ. ಕ್ಲೋರಿನ್ ಮೊದಲು ಇವುಗಳ ಮೇಲೆ ಖರ್ಚಾಗಿ, ಉಳಿದರೆ ಮಾತ್ರ ಸೂಕ್ಷ್ಮಾಣುಗಳತ್ತ ತಿರುಗುತ್ತದೆ. ಅಮೋನಿಯಾ ಇದ್ದರೆ ಅದರೊಡನೆ ಕೂಡಿ ಕ್ಲೋರಮೈನ್ ಆಗುತ್ತದೆ. ಇದರ ಶಕ್ತಿ ತೀರ ಕಡಿಮೆ. ಆದುದರಿಂದ 'ಒಟ್ಟು ಕ್ಲೋರಿನ್' ಅಲ್ಲ, 'ಮುಕ್ತ ಕ್ಲೋರಿನ್' ಎಷ್ಟೆಂದು ಕೇಳಬೇಕು. ಮೇಲೆ ಹೇಳಿದ ಅಯೋಡಿನ್ ಟೈಟ್ರೇಷನ್ ಎರಡನ್ನೂ ಕೂಡಿಸಿಯೇ ಅಳೆಯುವುದರಿಂದ ಅದು ಹೊಸ ಕ್ಯಾನಿಗೆ ತಕ್ಕುದೇ ಹೊರತು ಬಳಸಿದ ತೊಟ್ಟಿಗಲ್ಲ. ಅಲ್ಲಿ, ತೆಳುಗೊಳಿಸಿದ ಮಾದರಿಯ ಡಿಪಿಡಿ ಪರೀಕ್ಷೆಯೇ ಯೋಗ್ಯ.

ಜಪಾನಿನ ರಾಷ್ಟ್ರೀಯ ತಂತ್ರಜ್ಞಾನ ಮತ್ತು ಮೌಲ್ಯಮಾಪನ ಸಂಸ್ಥೆಯು 2020ರ ಜೂನ್‌ನಲ್ಲಿ ಕೊರೊನಾ ವೈರಾಣುವಿನ ಕುರಿತು ಪ್ರಕಟಿಸಿದ ನಿರ್ಣಯವೂ ಇದನ್ನೇ ಸಾರುತ್ತದೆ. 35 ಪಿಪಿಎಂ ಅಥವಾ ಅದಕ್ಕೂ ಹೆಚ್ಚಿನ ಹೈಪೋಕ್ಲೋರಸ್ ಆಮ್ಲದ ನೀರು ವಸ್ತುಗಳ ಮೇಲ್ಮೈಗೆ ಪರಿಣಾಮಕಾರಿ. ಆದರೆ ಕೊಳೆಯನ್ನು ಮೊದಲು ತೆಗೆದಿರಬೇಕು ಮತ್ತು ದ್ರಾವಣವನ್ನು ಧಾರಾಳವಾಗಿ ಬಳಸಬೇಕು. ತೊಳೆಯದ ಮೇಜಿಗೆ ತುಂತುರು ಸಿಂಪಡಿಸುವುದು ಸೋಂಕುನಿವಾರಣೆಯಲ್ಲ.

ಘಟಕದಲ್ಲಿಯೇ ಮಾಡಬಹುದಾದ ಸರಳ ಪರೀಕ್ಷೆ ಒಂದಿದೆ. ಪಾಳಿಯ ಆರಂಭದಲ್ಲಿ ಮತ್ತು ಎರಡು ಗಂಟೆಯ ಬಳಿಕ ಅದೇ ಬೋಗುಣಿಯ ಮುಕ್ತ ಕ್ಲೋರಿನ್ ಹಾಗೂ ಪಿಎಚ್ ಅಳೆದು ನೋಡಿರಿ. ಎಷ್ಟು ಬೇಗ ಇಳಿಯುತ್ತದೆಂಬುದೇ ನೀರನ್ನು ಎಷ್ಟು ಬಾರಿ ಬದಲಿಸಬೇಕೆಂಬುದಕ್ಕೆ ಉತ್ತರ. ಬೆಳಗ್ಗೆ ಒಮ್ಮೆ ಅಳೆದ ಅಂಕಿಯನ್ನೇ ಸಂಜೆಯವರೆಗೂ ಬರೆಯುವ ಅಭ್ಯಾಸ ಕೈಬಿಡಬೇಕು.

ಲೆಕ್ಕಾಚಾರ

ಬೆಲೆಯನ್ನು ಲೀಟರಿನ ಮೇಲಲ್ಲ, ಕ್ಲೋರಿನ್‌ನ ಗ್ರಾಂ ಮೇಲೆ ಹೋಲಿಸಬೇಕು. 200 ಪಿಪಿಎಂನ 5 ಲೀಟರ್ ಕ್ಯಾನಿನಲ್ಲಿ ಇರುವುದು 1 ಗ್ರಾಂ ಕ್ಲೋರಿನ್. ಶೇ. 10ರ ಹೈಪೋಕ್ಲೋರೈಟ್‌ನ 10 ಮಿಲಿಲೀಟರಿನಲ್ಲಿಯೂ ಅಷ್ಟೇ ಇರುತ್ತದೆ. ಹಾಗೆಂದು ಸಿದ್ಧ ದ್ರಾವಣ ಸದಾ ದುಬಾರಿ ಎನ್ನಲಾಗದು. ಪಿಎಚ್ ಅನುಕೂಲದಿಂದ ಕಡಿಮೆ ಪ್ರಮಾಣ ಸಾಕಾಗುತ್ತದೆ, ವಾಸನೆ ಕಡಿಮೆ, ದಿನವಿಡೀ ಸಿಗಡಿ ಸುಲಿಯುವ ಮಹಿಳೆಯರ ಕೈಗಳಿಗೆ ಉರಿಯೂ ಕಡಿಮೆ. ಕೈ ಬೋಗುಣಿ ಮತ್ತು ಮೇಜುಗಳಿಗೆ ಇದನ್ನೂ, ನೆಲ ಮತ್ತು ಚರಂಡಿಗಳಿಗೆ ಹೈಪೋಕ್ಲೋರೈಟನ್ನೂ ಬಳಸುವುದು ಹಲವರಿಗೆ ಒಪ್ಪುವ ಹಂಚಿಕೆ.

ಒಂದು ಎಚ್ಚರಿಕೆ ಅಗತ್ಯ. ಪಿಎಚ್ ಇಳಿಸುವ ಆಸೆಯಿಂದ ಹೈಪೋಕ್ಲೋರೈಟ್‌ಗೆ ಶೌಚಾಲಯ ತೊಳೆಯುವ ಆಮ್ಲವನ್ನಾಗಲಿ ಬೇರೆ ಆಮ್ಲವನ್ನಾಗಲಿ ಘಟಕದಲ್ಲಿ ಬೆರೆಸಲೇಕೂಡದು. ಪಿಎಚ್ ತೀರ ಕುಸಿದಾಗ ಹೊರಬರುವುದು ಪ್ರಾಣಾಂತಿಕ ಕ್ಲೋರಿನ್ ಅನಿಲ.

ಖರೀದಿ ಪತ್ರದಲ್ಲಿ ಇರಬೇಕಾದ ಷರತ್ತುಗಳು

1. ತಯಾರಿಕೆಯ ದಿನಾಂಕ, ಬಾಳಿಕೆಯ ಅವಧಿ, ಪಿಎಚ್ ಮತ್ತು ಕ್ಲೋರಿನ್ ಪ್ರಮಾಣ ಚೀಟಿಯ ಮೇಲೆ ಮುದ್ರಿತವಾಗಿರಬೇಕು.

2. ಬೆಳಕು ಹಾಯದ ಕ್ಯಾನಿನಲ್ಲಿ ಸರಬರಾಜಾಗಬೇಕು.

3. ಎನ್‌ಎಬಿಎಲ್ ಮಾನ್ಯತೆಯ ಪ್ರಯೋಗಾಲಯದಿಂದ, ಮಲಿನ ಪರಿಸ್ಥಿತಿಯಲ್ಲಿ ನಡೆಸಿದ ಪರೀಕ್ಷೆಯ ವರದಿ ಇರಬೇಕು. ಸೂಕ್ಷ್ಮಾಣುವಿನ ಹೆಸರು, ತಗಲಿಸಿದ ಸಮಯ ಮತ್ತು ಪ್ರಮಾಣ ಅದರಲ್ಲಿ ನಮೂದಾಗಿರಬೇಕು.

4. ಮಾಲು ಬಂದ ದಿನ ಘಟಕದಲ್ಲಿಯೇ ಅಳೆದಾಗ ಚೀಟಿಯ ಅಂಕಿಗೆ ಹೊಂದದಿದ್ದರೆ ಹಿಂದಿರುಗಿಸುವ ಹಕ್ಕು ಇರಬೇಕು.

ಒಂದು ಪಿಎಚ್ ಮೀಟರ್, ಒಂದು ಟೈಟ್ರೇಷನ್ ಸಲಕರಣೆ, ಒಂದು ಡಿಪಿಡಿ ಕಿಟ್ ಮತ್ತು ತರಬೇತಿ ಪಡೆದ ಒಬ್ಬ ಸಿಬ್ಬಂದಿ: ಇಷ್ಟರ ಖರ್ಚು, ತಿರಸ್ಕೃತವಾಗಿ ಮರಳುವ ಒಂದು ಕಂಟೇನರಿನ ನಷ್ಟದ ಮುಂದೆ ಲೆಕ್ಕಕ್ಕೆ ಬಾರದು. ಪರೀಕ್ಷಕರು ಬಂದಾಗ ನೋಡುವುದು ದಾಖಲೆ ಪುಸ್ತಕವನ್ನು. ಆದರೆ ಸರಕು ತಲುಪಿದ ದೇಶದ ಪ್ರಯೋಗಾಲಯ ನೋಡುವುದು ಮೀನನ್ನು. ಎರಡೂ ಒಂದೇ ಮಾತನ್ನು ಹೇಳುವಂತಿರಬೇಕು.