ಉಪ್ಪನ್ನು ಹಿಡಿದಿಡುವ ದ್ವೀಪಗಳು

ತುಂಗಭದ್ರೆಯ ಕೆಳಮಟ್ಟದ ಕಾಲುವೆ ಆಲೂರು, ಆದೋನಿ ಸೀಮೆಗೆ ತರುವುದು ಮಲೆನಾಡಿನ ಮಳೆಯನ್ನು. 1953ರಲ್ಲಿ ಮುಗಿದ ಅಣೆಕಟ್ಟು ಒಣನೆಲದಲ್ಲಿ ಭತ್ತ ಬೆಳೆಸಿತು. ಜೊತೆಗೆ ಅಚ್ಚುಕಟ್ಟಿನ ಎಷ್ಟೋ ಕಡೆ ಸವುಳನ್ನೂ ತಂದಿತು. ನೀರು ಅತಿಯಾಗಿ ನಿಂತರೆ ಅಂತರ್ಜಲ ಮೇಲೇರುತ್ತದೆ, ಬಿಸಿಲಿಗೆ ನೀರು ಆರುತ್ತದೆ, ಅದರಲ್ಲಿದ್ದ ಉಪ್ಪು ಹೊಲದ ಮೇಲೆ ಬೆಳ್ಳಗೆ ಉಳಿಯುತ್ತದೆ.

ಆಫ್ರಿಕಾದ ಬೋಟ್ಸ್ವಾನಾದಲ್ಲಿ ಒಕವಾಂಗೊ ಎಂಬ ನದಿಗೂ ಇದೇ ಗತಿ ಬರಬೇಕಿತ್ತು. ಅಂಗೋಲಾದ ಎತ್ತರದ ನಾಡಿನಲ್ಲಿ ಬೀಳುವ ಮಳೆ ತಿಂಗಳುಗಟ್ಟಲೆ ಹರಿದು ಕಲಹರಿ ಮರಳಿನ ಮೇಲೆ ಹರಡಿಕೊಳ್ಳುತ್ತದೆ. ಆ ನೀರು ಬರುವ ಹೊತ್ತಿಗೆ ಅಲ್ಲಿ ಕಡುಬೇಸಗೆಯಲ್ಲ, ಒಣ ಚಳಿಗಾಲ. ಜೂನ್‌ನಿಂದ ಆಗಸ್ಟ್‌ವರೆಗೆ ನೆರೆಯ ಏರುಕಾಲ. ಈ ನದಿ ಸಮುದ್ರ ಸೇರುವುದಿಲ್ಲ. ನೀರಿನ ಶೇ 95ಕ್ಕೂ ಹೆಚ್ಚು ಭಾಗ ಆವಿಯಾಗಿ, ಗಿಡಮರಗಳ ಮೂಲಕ ಗಾಳಿಗೆ ಹೋಗುತ್ತದೆ. ಪ್ರತಿವರ್ಷ ಲಕ್ಷಾಂತರ ಟನ್ ಲವಣ ಒಳಗೇ ಉಳಿಯುತ್ತದೆ. ಆದರೂ ನೀರು ಸಿಹಿ!

ಇದರ ಗುಟ್ಟು ತಿಳಿಯಲು ಮೊಕೊರೊ ಏರಬೇಕು. ಮರದ ದಿಮ್ಮಿ ಕೊರೆದು ಮಾಡುತ್ತಿದ್ದ, ಈಗ ಹೆಚ್ಚಾಗಿ ಫೈಬರ್ ಗ್ಲಾಸಿನಲ್ಲಿ ಸಿಗುವ ಕಿರಿದಾದ ದೋಣಿ ಇದು. ಸ್ಥಳೀಯ ಅಂಬಿಗ ಹಿಂದೆ ನಿಂತು ಉದ್ದನೆಯ ಕೋಲಿನಿಂದ ನೆಲವನ್ನು ಒತ್ತಿ ನಡೆಸುತ್ತಾನೆ. ನೀರಾನೆಗಳಿರುವ ಆಳದ ಮಡುವನ್ನು ತಪ್ಪಿಸಿ ಆಪು ಹುಲ್ಲಿನ ನಡುವಿನ ತೆಳುನೀರಿನಲ್ಲೇ ಸಾಗುತ್ತಾನೆ. ರಾತ್ರಿಗೆ ಗುಡಾರ ಹಾಕುವುದು ದ್ವೀಪದ ಅಂಚಿನ ಮರಗಳ ನೆರಳಲ್ಲಿ.

ಇಂಥ ಎಷ್ಟೋ ದ್ವೀಪಗಳು ಶುರುವಾದದ್ದು ಗೆದ್ದಲು ಕಟ್ಟಿದ ಹುತ್ತದಿಂದ. ನೆರೆಗೆ ಮುಳುಗದ ಆ ದಿಬ್ಬದ ಮೇಲೆ ಅತ್ತಿ, ಈಚಲು ಜಾತಿಯ ಮರಗಳು ಬೇರೂರುತ್ತವೆ. ಅವು ಹಗಲೆಲ್ಲ ನೀರು ಹೀರುವುದರಿಂದ ದ್ವೀಪದಡಿಯ ಜಲಮಟ್ಟ ತಗ್ಗುತ್ತದೆ. ಸುತ್ತಲಿನ ನೀರು ಒಳಕ್ಕೆ ಜಿನುಗುತ್ತದೆ. ಬೇರುಗಳು ನೀರನ್ನು ಒಯ್ದು ಬಹುಪಾಲು ಲವಣವನ್ನು ಬಿಡುತ್ತವೆ. ಅದು ದ್ವೀಪದ ನಡುವೆ ಕೂಡಿ, ಅಲ್ಲಿ ಮರಗಳೂ ಬದುಕದಂತಾಗಿ, ನೆಲ ಬೆಳ್ಳಗೆ ಬೋಳಾಗುತ್ತದೆ. ಕೊನೆಗೆ ಭಾರವಾದ ಉಪ್ಪುನೀರು ಆಳಕ್ಕಿಳಿಯುತ್ತದೆ. ದ್ವೀಪದ ನಡುಭಾಗ ಬಂಜರಾಗಿರುವುದರಿಂದಲೇ ಸುತ್ತಲಿನ ಜೌಗು ಹಸಿರಾಗಿದೆ. ಒಕವಾಂಗೊದ ಈ ಜೌಗುನಾಡು 2014ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು.

ನಮ್ಮ ಹೊಲಗಳಿಗೆ ಗೆದ್ದಲು ದ್ವೀಪ ಕಟ್ಟಿಕೊಡುವುದಿಲ್ಲ. ಆದರೆ ಉಪ್ಪಿಗೆ ಹೋಗಲು ಒಂದು ದಾರಿ ಬೇಕು ಎಂಬ ನಿಯಮ ಇಲ್ಲಿಗೂ ಅದೇ. ಬಸಿಗಾಲುವೆಗಳ ಹೂಳು ತೆಗೆಯೋಣ, ಕಾಲುವೆ ದಂಡೆಯಲ್ಲಿ ಮರ ಬೆಳೆಸೋಣ, ಬೆಳೆಗೆ ಬೇಕಾದಷ್ಟೇ ನೀರು ಕಟ್ಟೋಣ. ನೀರು ತರುವ ಕಾಲುವೆಯಷ್ಟೇ ನೀರು ಬಸಿಯುವ ಕಾಲುವೆಯೂ ಮುಖ್ಯ.