ಜೀಪಿನ ಸದ್ದಿಗೂ ಮದ್ದುಂಟು!
ತೋಟಕ್ಕೆಂದು ಕೊಂಡ ಜೀಪಿನಲ್ಲೇ ದಿನಾ ಮಕ್ಕಳನ್ನು ಶಾಲೆಗೂ ಬಿಡ್ತೀರಾ? ನಮ್ಮ ಮನೆಯಲ್ಲೂ ಅದೇ ಕಥೆ. ಹಿಂದೆ ಕೂತ ಅತ್ತೆ ‘ಸೊಂಟ ಹೋಯ್ತು, ನಿಧಾನ ಮಾರಾಯ್ತಿ’ ಅಂದಿದ್ದು ಸದ್ದಿನಲ್ಲಿ ನನಗೆ ಕೇಳಿಸಲೇ ಇಲ್ಲ. ಇಳಿಯುವಾಗ ಅವರ ಕಣ್ಣಲ್ಲಿ ನೀರು! ಆಮೇಲೆ ಕಲಿತದ್ದನ್ನು ನಿಮಗೂ ಹೇಳ್ತೀನಿ.

* ಟಯರ್ ತಣ್ಣಗಿದ್ದಾಗ ಗಾಳಿ ನೋಡಿಸಿ. ಕೈಪಿಡಿಯಲ್ಲಿ ಹೇಳಿದ್ದಕ್ಕಿಂತ ಹೆಚ್ಚಿದ್ದರೆ ಕುಲುಕಾಟ ಜಾಸ್ತಿ.

* ದಪ್ಪ ಕಚ್ಚಿನ ಮಡ್ ಟಯರ್ ಡಾಂಬರು ರಸ್ತೆಯಲ್ಲಿ ಗುಂಯ್‌ಗುಡುತ್ತದೆ. ಬದಲಿಸುವಾಗ ಅದೇ ಸೈಜಿನ ಹೈವೇ ಟಯರ್ ಕೇಳಿ.

* ಬಾಗಿಲಿನ ರಬ್ಬರ್ ಬೀಡಿಂಗ್ ಹರಿದಿದ್ದರೆ ಹೊಸದು ಹಾಕಿಸಿ.

* ಬೆನ್ನುನೋವಿನವರನ್ನು ಮುಂದೆ ಕೂರಿಸಿ. ಹಿಂಚಕ್ರದ ಮೇಲೆ ಕೂತವರಿಗೇ ಪೆಟ್ಟು ಹೆಚ್ಚು.

ಸದ್ದು ಪೂರ್ತಿ ಹೋಗದು, ನಿಜ. ಆದರೆ ಅತ್ತೆ ‘ನಿಧಾನ’ ಅಂದರೆ ಈಗ ಕೇಳಿಸುತ್ತೆ!