ಶೇ 60 ಮಳೆ: ಎಲ್ಲಿ, ಯಾವಾಗ, ಎಷ್ಟು?

ಜುಲೈ ಬಂತೆಂದರೆ ನವಿ ಮುಂಬಯಿಯ ನೆರೂಳದ ಹೌಸಿಂಗ್ ಸೊಸೈಟಿಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ‘ನಾಳೆ ಮಳೆ ಶೇ 60’ ಎಂಬ ಸ್ಕ್ರೀನ್‌ಶಾಟ್ ಓಡಾಡುತ್ತದೆ. ಮಕ್ಕಳ ಶಾಲೆ, ಹಾರ್ಬರ್ ಲೈನಿನ ಲೋಕಲ್, ಎಲ್ಲ ಲೆಕ್ಕಾಚಾರವೂ ಅದರ ಮೇಲೆಯೇ. ಆದರೆ ಯಾವುದರ 60? ನಾಲ್ಕು ಹನಿ ಬಿದ್ದರೆ ಸಾಕೋ, ರಸ್ತೆಯಲ್ಲಿ ನೀರು ನಿಲ್ಲಬೇಕೋ? ಅದು ನೆರೂಳಕ್ಕೋ, ಇಡೀ ಥಾಣೆ ಜಿಲ್ಲೆಗೋ? ಸ್ಕ್ರೀನ್‌ಶಾಟ್ ಬಾಯಿ ಬಿಡುವುದಿಲ್ಲ.

ಈ ಅಂಕಿ ಹುಟ್ಟುವ ಬಗೆ ಸರಳ. ಭಾರತೀಯ ಹವಾಮಾನ ಇಲಾಖೆ 2018ರ ಜೂನ್ 1ರಂದು 12 ಕಿ.ಮೀ. ಸೂಕ್ಷ್ಮತೆಯ ಸಮೂಹ ಮುನ್ಸೂಚನೆ ವ್ಯವಸ್ಥೆಯನ್ನು ಬಳಕೆಗೆ ತಂದಿತು. ಇವತ್ತಿನ ವಾತಾವರಣವನ್ನು ತುಸು ತುಸು ಬದಲಿಸಿ 21 ಸಲ ಲೆಕ್ಕ ಹಾಕುತ್ತಾರೆ. ಅದರಲ್ಲಿ 12 ಲೆಕ್ಕಗಳು 64.5 ಮಿ.ಮೀ. ದಾಟಿದರೆ ಅಷ್ಟು ಮಳೆಯ ಸಂಭವ ಸುಮಾರು ಶೇ 57. ಇಲಾಖೆಯ ಭಾಷೆಯಲ್ಲಿ ‘ಭಾರಿ ಮಳೆ’ ಶುರುವಾಗುವುದೇ ಆ 64.5ರಿಂದ, 204.5 ಮುಟ್ಟಿದರೆ ‘ಅತ್ಯಂತ ಭಾರಿ’. ಮಿತಿ ಬದಲಾದರೆ ಶೇಕಡಾವಾರೂ ಬದಲಾಗುತ್ತದೆ.

ಹೀಗಾಗಿ ಅಂಕಿಯ ಜೊತೆಗೇ ಅದರ ವಿವರವೂ ಪ್ರಯಾಣಿಸಬೇಕು. ಇದನ್ನೇ ಮೆಟಾಡೇಟಾ ಎನ್ನುತ್ತಾರೆ. ಹವಾಮಾನದ ಲೆಕ್ಕಗಳನ್ನು ಸಾಗಿಸುವ, ವಿಶ್ವ ಹವಾಮಾನ ಸಂಸ್ಥೆಯ ಗ್ರಿಬ್-2 ಕಡತ ‘ಗ್ರಿಬ್’ ಎಂಬ ನಾಲ್ಕು ಇಂಗ್ಲಿಷ್ ಅಕ್ಷರಗಳಿಂದ ಆರಂಭವಾಗಿ ‘7777’ಕ್ಕೆ ಮುಗಿಯುತ್ತದೆ. ನಡುವಿನ ನಾಲ್ಕನೇ ವಿಭಾಗದಲ್ಲಿ ಸಂಭವನೀಯತೆಗೆಂದೇ ನಮೂನೆಗಳಿವೆ: ಕೆಳಮಿತಿ ಎಷ್ಟು, ಮೇಲ್ಮಿತಿ ಎಷ್ಟು, ಅವಧಿ ಯಾವಾಗ ಮುಗಿಯುತ್ತದೆ. ಸಂಕೇತ 3 ಬರೆದಿದ್ದರೆ ‘ಕೆಳಮಿತಿಗಿಂತ ಹೆಚ್ಚು’ ಎಂದರ್ಥ. ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಹೋಗುವಾಗ ಇಷ್ಟೆಲ್ಲ ಭದ್ರವಾಗಿರುತ್ತದೆ. ಆ್ಯಪ್ ಅದನ್ನು ನಮ್ಮ ಕೈಗೆ ಕೊಡುವಾಗ ಮಾತ್ರ ಹೆಸರು, ತಾರೀಖು ಹರಿದುಹೋದ ಮಾತ್ರೆಯ ಸ್ಟ್ರಿಪ್ಪಿನಂತೆ ಬರೀ 60 ಉಳಿಯುತ್ತದೆ.

ಜಾಗದ ವಿವರ ಎಷ್ಟು ಮುಖ್ಯ ಎಂಬುದನ್ನು ಮುಂಬಯಿಯವರಿಗೆ ಬಿಡಿಸಿ ಹೇಳಬೇಕಿಲ್ಲ. 2005ರ ಜುಲೈ 26ರ ಆ ಮಳೆಗೆ ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ದಾಖಲಾಯಿತು, ಕೊಲಾಬಾದಲ್ಲಿ ಬರೀ 73. ಊರು ಒಂದೇ. ಅವಧಿಯ ಕಥೆಯೂ ಅಷ್ಟೇ: ಇಲಾಖೆಯ ‘ದಿನ’ ಬೆಳಗ್ಗೆ 8.30ರಿಂದ ಮರುದಿನ 8.30ರವರೆಗೆ, ನಮ್ಮ ಫೋನಿನ ದಿನ ಮಧ್ಯರಾತ್ರಿಗೆ ತಿರುಗುತ್ತದೆ. ಜಿಲ್ಲೆಯ ಹೆಸರೂ ನಂಬಿಗಸ್ತವಲ್ಲ. ಖಾಡಿಯ, ಅಂದರೆ ಕಡಲ ಹಿನ್ನೀರಿನ, ಅಂಚಿನ ನೆರೂಳವೂ ಥಾಣೆ ಜಿಲ್ಲೆಯೇ, ಸಹ್ಯಾದ್ರಿಯ ಬುಡದ ಶಹಾಪುರ, ಮುರ್ಬಾಡ್‌ಗಳೂ ಥಾಣೆ ಜಿಲ್ಲೆಯೇ. 2014ರ ಆಗಸ್ಟ್ 1ಕ್ಕೆ ಪಾಲ್ಘರ್ ಬೇರೆಯಾಯಿತು; ಅದಕ್ಕೂ ಹಿಂದಿನ ‘ಥಾಣೆ’ಯ ಅಂಕಿಅಂಶವೆಂದರೆ ಬೇರೆಯೇ ಭೂಪಟ.

ಇನ್ನು ಪದಗಳ ಗೊಂದಲ. ಇಲಾಖೆ ಇಂಗ್ಲಿಷಿನಲ್ಲಿ ‘ಲೈಕ್ಲಿ’ ಎಂದರೆ ಶೇ 25ರಿಂದ 50. ‘ವೆರಿ ಲೈಕ್ಲಿ’ ಎಂದರೆ 50ರಿಂದ 75. ವಿಪತ್ತಿನ ಎಚ್ಚರಿಕೆ ರವಾನಿಸುವ ಅಂತಾರಾಷ್ಟ್ರೀಯ ‘ಕ್ಯಾಪ್’ ಮಾನದಂಡದಲ್ಲಿ ಅದೇ ‘ಲೈಕ್ಲಿ’ಗೆ ಅರ್ಥ ಶೇ 50ಕ್ಕಿಂತ ಹೆಚ್ಚು. ನಮ್ಮ ದೇಶದ ವಿಪತ್ತು ಎಚ್ಚರಿಕೆಯ ‘ಸಚೇತ್’ ವ್ಯವಸ್ಥೆ ನಿಂತಿರುವುದು ಕ್ಯಾಪ್ ಮೇಲೆಯೇ. ಪದದ ಬೆನ್ನಿಗೆ ಅಂಕಿಯನ್ನೂ ಕಟ್ಟಿ ಕಳಿಸದಿದ್ದರೆ ಒಂದೇ ಮಾತು ಎರಡು ಕಡೆ ಎರಡು ತೂಕ ಪಡೆಯುವುದು ಖಂಡಿತ.

ನೆರೂಳಕ್ಕೆ ಇದು ಬರೀ ತಾಂತ್ರಿಕ ತಕರಾರಲ್ಲ. ನವಿ ಮುಂಬಯಿಯ ಎಷ್ಟೋ ಭಾಗ ನಗರಾಭಿವೃದ್ಧಿ ಸಂಸ್ಥೆ ಸಿಡ್ಕೊ ಭರ್ತಿ ಮಾಡಿದ ತಗ್ಗು ನೆಲ. ಭರತದ ಹೊತ್ತಿನಲ್ಲಿ ಖಾಡಿಯ ನೀರು ಒಳನುಗ್ಗದಂತೆ ತಡೆದು, ಮಳೆನೀರನ್ನು ಹೋಲ್ಡಿಂಗ್ ಪಾಂಡ್‌ಗಳಲ್ಲಿ ಹಿಡಿದಿಟ್ಟು, ಇಳಿತಕ್ಕೆ ಹೊರಬಿಡುವ ಏರ್ಪಾಡು ಇಲ್ಲಿಯದು. ಭರತದ ವೇಳೆ ಪಂಚಾಂಗದಷ್ಟೇ ಮೊದಲೇ ಗೊತ್ತು. ಗೊತ್ತಿಲ್ಲದ್ದು ಮಳೆಯ ವೇಳೆ. ಆದ್ದರಿಂದ ಇಲ್ಲಿಯವರಿಗೆ ಬೇಕಿರುವುದು 24 ತಾಸಿನ ಶೇಕಡಾವಾರಲ್ಲ, ಭರತದ ಹೊತ್ತಿನ ಕೆಲವು ತಾಸಿನದು.

ಆ್ಯಪ್ ಮಾಡುವವರು ಶೇಕಡಾವಾರಿನ ಕೆಳಗೆ ಜಾಗ, ಅವಧಿ, ಮಿತಿ ಇವನ್ನು ಒಂದು ಸಾಲಿನಲ್ಲಿ ಬರೆದರೆ ಗಂಟೇನೂ ಹೋಗದು. ಮಾಹಿತಿ ಕಡತದಲ್ಲೇ ಇದೆ. ಅಲ್ಲಿಯತನಕ ಬರೀ 60 ಎಂದಿರುವ ಸ್ಕ್ರೀನ್‌ಶಾಟನ್ನು ದಯವಿಟ್ಟು ಫಾರ್ವರ್ಡ್ ಮಾಡಬೇಡಿ.